ಬರುವ ದಿನಾಂಕ

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಅಂಗಡಿಗೆ ಹೊರಟವನೂ ‘ಬರ್ತೀನಿ’ ಅನ್ನಬೇಕು. ಬಾಯಿತಪ್ಪಿ ‘ಹೋಗ್ತೀನಿ’ ಅಂದರೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಿದ್ದಳು. ಎರಡು ವರ್ಷದ ಓದಿಗೆಂದು ಜರ್ಮನಿಗೆ ಹೊರಟಾಗ, ಒನ್ ವೇ ಟಿಕೆಟ್ ಕೊಳ್ಳಲೋ ಹೋಗಿಬರುವ ಟಿಕೆಟ್ ಕೊಳ್ಳಲೋ ಎಂದು ಯೋಚಿಸುತ್ತ ಕೂತ ನನಗೆ ಅಜ್ಜಿ ನೆನಪಾದಳು.

ಲೆಕ್ಕ ವಿಚಿತ್ರವಾಗಿತ್ತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವುದಕ್ಕಷ್ಟೇ ಕೇಳುತ್ತಿದ್ದ ಹಣಕ್ಕಿಂತ ಹೋಗಿಬರುವ ಟಿಕೆಟ್ಟು ನಾಲ್ಕು ಸಾವಿರ ರೂಪಾಯಿ ಕಡಿಮೆ. ಆದರೆ ವಿಮಾನ ಕಂಪನಿಗಳು ಸಾಮಾನ್ಯವಾಗಿ ಹನ್ನೊಂದು, ಹೆಚ್ಚೆಂದರೆ ಹನ್ನೆರಡು ತಿಂಗಳಾಚೆಯ ಸೀಟು ಮಾರುವುದಿಲ್ಲ. ಎರಡು ವರ್ಷ ಬಿಟ್ಟು ಬರುವವನಿಗೆ ನಿಜವಾದ ದಿನಾಂಕ ಕೊಳ್ಳಲು ಸಿಗುವುದೇ ಇಲ್ಲ. ಸೆಪ್ಟೆಂಬರ್ ಕೊನೆಗೆ ಹೋಗುವುದು, ಮುಂದಿನ ಆಗಸ್ಟ್ 3ಕ್ಕೆ ಬರುವುದು ಎಂದು ಟಿಕೆಟ್ ಮಾಡಿಸಿದೆ. ಆ ಬೇಸಿಗೆ ರಜೆಯಲ್ಲಿ ಅಲ್ಲೇ ದುಡಿದು ಸಾಲದ ಬಡ್ಡಿ ಕಟ್ಟಬೇಕೆಂಬುದು ನನಗೆ ಆಗಲೇ ಗೊತ್ತಿತ್ತು.

ಇದು ಮೋಸವೇ? ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಸಾಲಗಾರ ಬರುತ್ತಾನೆ. ತೀರಿಸಲಾರೆನೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಹೇಳಿ ಹಣ ತರಲು ಹೊರಟವನು. ಎಲ್ಲರೂ ಹೀಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯದು ಎನ್ನುತ್ತಾನೆ ಕಾಂಟ್. ವಿಮಾನ ಕಂಪನಿಗಳ ತಕರಾರೂ ಹೆಚ್ಚುಕಡಿಮೆ ಇದೇ ಧಾಟಿಯದು. ಕೊಂಡ ಟಿಕೆಟ್ಟಿನ ಕೊನೆಯ ಪಯಣ ಬಿಟ್ಟುಬಿಟ್ಟ ಪ್ರಯಾಣಿಕನೊಬ್ಬನಿಂದ ಲುಫ್ತಾನ್ಸಾ ಎರಡು ಸಾವಿರಕ್ಕೂ ಹೆಚ್ಚು ಯೂರೊ ಕೇಳಿ ಕೋರ್ಟಿಗೆ ಹೋಗಿತ್ತು. ಬರ್ಲಿನ್ನಿನ ಕೆಳಹಂತದ ನ್ಯಾಯಾಲಯ 2018ರಲ್ಲಿ ಅದನ್ನು ತಳ್ಳಿಹಾಕಿತು. ನನಗೂ ಕಂಪನಿಯ ವಿಷಯದಲ್ಲಿ ಮನಸ್ಸು ಚುಚ್ಚಲಿಲ್ಲ. ದುಡ್ಡು ಕೊಟ್ಟಿದ್ದೇನೆ, ಸೀಟು ನನ್ನದು, ಕೂರುವುದೂ ಬಿಡುವುದೂ ನನ್ನಿಷ್ಟ ಅಂದುಕೊಂಡೆ.

ಆದರೆ ಆ ಟಿಕೆಟ್ಟನ್ನು ನಾನು ಅಮ್ಮನಿಗೂ ತೋರಿಸಿದ್ದೆ. ಅವಳು ಕನ್ನಡಕ ಹಾಕಿಕೊಂಡು ಓದಿ, ‘ಹಂಗಾದ್ರೆ ವರಮಹಾಲಕ್ಷ್ಮಿಗೆ ಇಲ್ಲೇ ಇರ್ತೀಯ’ ಅಂದಳು. ನಾನು ಹೂಂ ಅಂದೆ. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದೊಡನೆ ಆಗಸ್ಟ್ 3ಕ್ಕೆ ಪೆನ್ನಿನಿಂದ ಸುತ್ತು ಹಾಕಿದಳಂತೆ. ತಂಗಿ ಫೋನಿನಲ್ಲಿ ಹೇಳಿದಳು.

ಜುಲೈ ಕೊನೆಗೆ ‘ಬರಕ್ಕಾಗಲ್ಲಮ್ಮ, ಕೆಲಸ ಸಿಕ್ಕಿದೆ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಟಿಕೆಟ್ ದುಡ್ಡು ವಾಪಸ್ ಕೊಡ್ತಾರೇನಪ್ಪಾ?’ ಮಗನ ದುಡ್ಡು ಹಾಳಾಯಿತಲ್ಲ ಎಂದು ಅವಳ ಸಂಕಟ. ಹಾಳಾಗಿರಲಿಲ್ಲ, ನಾಲ್ಕು ಸಾವಿರ ಉಳಿದಿತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅಜ್ಜಿ ಕಲಿಸಿದ ‘ಬರ್ತೀನಿ’ಯೂ ಹಾಗಾದರೆ ಸುಳ್ಳೇ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಲ್ಲ ಅನ್ನಿಸುತ್ತದೆ. ಆ ಮಾತಿಗೆ ದಿನಾಂಕವಿಲ್ಲ. ಬರುವುದು ನಮ್ಮ ಕೈಯಲ್ಲಿಲ್ಲ ಎಂಬುದು ಹೇಳುವವನಿಗೂ ಗೊತ್ತು, ಕೇಳುವವಳಿಗೂ ಗೊತ್ತು. ಇಬ್ಬರೂ ಸೇರಿ ಆಸೆಪಡುವುದಷ್ಟೇ ಅದರಲ್ಲಿರುವುದು. ನನ್ನ ಟಿಕೆಟ್ಟಿಗೆ ದಿನಾಂಕವಿತ್ತು, ಅದು ಸುಳ್ಳೆಂಬುದು ನನಗೊಬ್ಬನಿಗೇ ಗೊತ್ತಿತ್ತು. ಅವಳು ಒಬ್ಬಳೇ ಆಸೆಪಡುವಂತೆ ಮಾಡಿದೆ. ಅದೇ ಟಿಕೆಟ್ ಕೊಂಡು, ‘ಅಗ್ಗ ಅಂತ ತಗೊಂಡೆ, ಆ ದಿನಕ್ಕೆ ಬರಲ್ಲಮ್ಮ’ ಎಂದು ಹೇಳಿದ್ದರೆ ಸಾಕಿತ್ತು. ತಪ್ಪು ಟಿಕೆಟ್ಟಿನಲ್ಲಿರಲಿಲ್ಲ, ನನ್ನ ಹೂಂನಲ್ಲಿತ್ತು.

ಈಗ ಇಲ್ಲೇ ಕೆಲಸ. ಊರಿಗೆ ಹೋಗುವಾಗ ಟಿಕೆಟ್ ಫ್ರಾಂಕ್‌ಫರ್ಟಿನಿಂದಲೇ ಶುರುವಾಗುತ್ತದೆ. ‘ವಾಪಸು’ ಎಂದು ಅದರಲ್ಲಿರುವುದು ಮನೆಗೆ ಬರುವ ದಿನವಲ್ಲ, ಮನೆಯಿಂದ ಹೊರಡುವ ದಿನ. ಈ ಸಲ ಎರಡೂ ದಿನಾಂಕವನ್ನು ಅಮ್ಮನಿಗೆ ಒಟ್ಟಿಗೇ ಹೇಳಿದೆ.

‘ಇರು, ಪೆನ್ನು ತಗೋತೀನಿ’ ಅಂದಳು.