ಹಾಲೂಡಿಸುವ ವಿದ್ಯೆ ಮತ್ತು ಮನೆಯವರ ಹೊಣೆ

ನಾಲ್ಕು ದಿನದ ಕೂಸು ಎಡೆಬಿಡದೆ ಅತ್ತರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, 'ಇವಳಿಗೆ ಹಾಲು ಸಾಲದು' ಎಂಬುದು. ಆಡಿದವರಿಗೆ ಅದು ಕಾಳಜಿ; ಕೇಳಿದ ಬಾಣಂತಿಗೆ ತೀರ್ಪು. ಹಾಲು ಬರುವುದು ಪ್ರಕೃತಿಯಿಂದ, ಹಾಲೂಡಿಸುವುದು ಅಭ್ಯಾಸದಿಂದ. ಇವೆರಡನ್ನೂ ಒಂದೆಂದು ಬಗೆದಲ್ಲಿ ಕಲಿಸಬೇಕಾದವರೇ ದೂಷಿಸುವವರಾಗುತ್ತಾರೆ.

ಮೊದಲ ದಿನಗಳ ಹಳದಿ ಬಣ್ಣದ ಗಟ್ಟಿ ಹಾಲು ಚಮಚದ ಲೆಕ್ಕದ್ದು. ಎಳೆಗೂಸಿನ ಹೊಟ್ಟೆಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಆಮೇಲೆ ಕೂಸು ಕುಡಿದಷ್ಟೂ ಹಾಲು ಹೆಚ್ಚುತ್ತದೆ, ಬಾಟಲಿ ಹಾಲು ಕೊಟ್ಟಷ್ಟೂ ತಗ್ಗುತ್ತದೆ. ಬೇಡಿಕೆ ಮತ್ತು ಪೂರೈಕೆಗೆ ಇಷ್ಟು ಶುದ್ಧವಾದ ದೃಷ್ಟಾಂತ ಯಾವ ಪೇಟೆಯಲ್ಲಿಯೂ ದೊರೆಯದು! ಕೂಸು ತೊಟ್ಟನ್ನಷ್ಟೇ ಹಿಡಿದರೆ ತಾಯಿಗೆ ನೋವು, ಕೂಸಿಗೆ ಹಸಿವು. ಬಾಯಿಯನ್ನು ಅಗಲವಾಗಿ ತೆರೆದು ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಹಿಡಿಯಬೇಕು. ಎಷ್ಟೋ ಸಲ ಬಲ್ಲವರು ಪಕ್ಕದಲ್ಲಿ ಕುಳಿತು ಕೆಲವು ನಿಮಿಷ ತಿದ್ದಿದರೆ ಸಾಕಾಗುತ್ತದೆ.

ಹಿಂದೆ ಅಜ್ಜಿಯರು ಇದನ್ನೆಲ್ಲ ಮಾಡುತ್ತಿದ್ದರೆಂಬುದು ನಿಜ. ಆದರೆ ಆ ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿ, ಕೂಸಿಗೆ ಜೇನು ನೆಕ್ಕಿಸುತ್ತಿದ್ದ ಮನೆಗಳೂ ಇದ್ದವು. ಆದುದರಿಂದ ತರಬೇತಿ ಪಡೆದ ಹೊರಗಿನವರನ್ನು ಕರೆಯುವುದು ಹಿರಿಯರಿಗೆ ಅವಮಾನವೆಂದು ತಿಳಿಯಬೇಕಾಗಿಲ್ಲ. ಸರ್ಕಾರದ ಯೋಜನೆಯಂತೆ ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕು. ಮೊದಲೆರಡು ಭೇಟಿಗಳು ಹತ್ತು ದಿನಗಳ ಸೂತಕದೊಳಗೇ ಬೀಳುತ್ತವೆ. ಸೂತಕವು ಪೂಜೆ, ಆಹಾರದಾನಗಳಿಗೆ ಸಂಬಂಧಿಸಿದ ಕಟ್ಟಳೆ. ನೆರವಿಗೆ ಬಂದವಳನ್ನು ಹೊಸ್ತಿಲಲ್ಲಿ ನಿಲ್ಲಿಸಲು ಅದೊಂದು ನೆಪವಾಗಬಾರದು.

ನಗರಗಳಲ್ಲಿ ಶುಲ್ಕ ಪಡೆದು ಮನೆಗೆ ಬರುವ, ವಿಡಿಯೋ ಕರೆಯಲ್ಲಿಯೇ ಸಲಹೆ ನೀಡುವ ತಜ್ಞೆಯರಿದ್ದಾರೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನಡಿ ಬಹುತೇಕ ವಿಮೆಗಳು ಇಂಥ ಸಲಹೆಯ ವೆಚ್ಚವನ್ನು ಭರಿಸಬೇಕು. ಕೂಸು ಹಿಡಿಯುವ ರೀತಿಯನ್ನು ಪರದೆಯಲ್ಲಿ ನೋಡಿ ತಿದ್ದಬಹುದು. ತೂಕ ಮಾತ್ರ ತಕ್ಕಡಿಯಲ್ಲಿಯೇ ತಿಳಿಯಬೇಕು. ಕೂಸು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ ವೈದ್ಯರ ಬಳಿಗೇ ಒಯ್ಯಬೇಕು. ಸಲಹೆಯ ಜೊತೆಗೆ ಹಾಲಿನ ಪುಡಿಯ ಡಬ್ಬಿಯನ್ನೂ ಮಾರಲು ಬರುವವರ ವಿಷಯದಲ್ಲಿ ಎಚ್ಚರವಿರಲಿ. ಅದರ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿದೆ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನ ನಿರೋಧ ಎಂಬ ಎರಡುಂಟು. ಇವನ್ನು ಓದುವಾಗ ಗಾಡಿಯ ಎತ್ತು ನೆನಪಾಗುತ್ತದೆಯೇ ಹೊರತು ಬಾಣಂತಿಯ ಕೋಣೆ ನೆನಪಾಗುವುದಿಲ್ಲ. ಹೆರಿಗೆಯ ಗಾಯ ಮಾಯದವಳು ದಿನಕ್ಕೆ ಎಂಟು ಹತ್ತು ಬಾರಿ ಎದ್ದು ಹಾಲೂಡಿಸುತ್ತಿರುವಾಗ ಅವಳ ಮೇಲೆ ಅಪರಾಧಭಾವವನ್ನೂ ಹೊರಿಸುವುದು ಅತಿಭಾರವಲ್ಲವೆ? ಕೆಲವರಿಗೆ ನಿಜವಾಗಿಯೂ ಹಾಲು ಸಾಲದು. ಅಲ್ಲಿ ವೈದ್ಯರು ಹೇಳಿದ ಬದಲಿ ಆಹಾರವನ್ನು ಹಠದಿಂದ ನಿರಾಕರಿಸಿದರೆ ಕೂಸಿನ ಅನ್ನವನ್ನೇ ತಡೆದಂತಾಗುತ್ತದೆ. ಆಗಲೂ ಆ ತಾಯಿಯ ತಪ್ಪೇನೂ ಇಲ್ಲ.

ಗಂಡಸರು ಈ ಕೋಣೆಯಿಂದ ದೂರವಿರುವುದೇ ಮರ್ಯಾದೆಯೆಂದು ನಂಬಿದ ಮನೆಗಳು ಇನ್ನೂ ಇವೆ. ಕೂಸಿನ ತಂದೆ ಮಾಡಬಹುದಾದುದು ಬೇಕಾದಷ್ಟಿದೆ. ಬಾಣಂತಿಗೆ ನೀರು ತಂದುಕೊಡಬಹುದು, ಕೂಸನ್ನು ಹೆಗಲಿಗೇರಿಸಿ ತೇಗಿಸಬಹುದು, ಸಲಹೆಗಾರ್ತಿಗೆ ಸರಿಯಾಗಿ ಕಾಣುವಂತೆ ಫೋನನ್ನು ಹಿಡಿದು ನಿಲ್ಲಬಹುದು. 'ಹಾಲು ಸಾಲದು' ಎಂದು ಬಂಧುಗಳು ಬಾಯಿ ತೆರೆದಾಗ ಅವರನ್ನು ಹಜಾರಕ್ಕೆ ಕರೆದೊಯ್ದು ಕಾಫಿ ಕೊಡುವುದೂ ಅವನದೇ ಕೆಲಸ.