ಪಾಸ್ ಕೊಟ್ಟವನು ಯಾರು?

ಬೆಂಗಳೂರಿನ ವಿಜಯನಗರದ ಒಂದು ಬಾಡಿಗೆ ಮನೆ. ಭಾನುವಾರದ ಊಟ ಮುಗಿದಿದೆ. ಮಾತಾಡುವವರು ಮೂವರು. ಮಾವ: ಕಾರ್ಖಾನೆ ತಂಡದಲ್ಲಿ ಫುಟ್‌ಬಾಲ್ ಆಡಿ, ಅದೇ ಕಾರ್ಖಾನೆಯಲ್ಲಿ ನಿವೃತ್ತನಾದವನು. ಅಳಿಯ: ಸೂಪರ್ ಡಿವಿಷನ್‌ನಲ್ಲೂ ಅದಕ್ಕಿಂತ ಒಂದು ಮೆಟ್ಟಿಲು ಆಚೀಚೆಯೂ ಆಡುತ್ತ ಇಪ್ಪತ್ತೇಳು ದಾಟಿದ ಮಿಡ್‌ಫೀಲ್ಡರ್. ತಾಯಿ: ಒಬ್ಬನಿಗೆ ಅಕ್ಕ, ಇನ್ನೊಬ್ಬನಿಗೆ ಅಮ್ಮ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮೂವರೂ ಕಲ್ಪಿತರು. ಅವರ ಬಾಯಲ್ಲಿ ಬರುವ ತಂಡಗಳು, ಆಟಗಾರರು, ಇಸವಿಗಳು ಕಲ್ಪಿತವಲ್ಲ.

ಅಳಿಯ: ಮಾವ, ನಾನು ಪ್ರೊಫೆಷನಲ್ ಆಟಗಾರ ಅಂತ ನೀವು ಒಪ್ತೀರಾ?

ಮಾವ: ನೀನು ಸಹಿ ಹಾಕಿದ ಕಾಗದದಲ್ಲಿ ಹಾಗೇ ಇದೆಯಲ್ಲ. ನನ್ನ ಒಪ್ಪಿಗೆ ಯಾತಕ್ಕೆ?

ಅಳಿಯ: ಫಿಫಾ ನಿಯಮದಲ್ಲಿ ಎರಡೇ ಷರತ್ತು. ಕ್ಲಬ್ ಜೊತೆ ಲಿಖಿತ ಒಪ್ಪಂದ ಇರಬೇಕು. ಆಡೋದಕ್ಕೆ ನನಗೆ ಎಷ್ಟು ಖರ್ಚಾಗುತ್ತೋ ಅದಕ್ಕಿಂತ ಹೆಚ್ಚು ದುಡ್ಡು ಬರಬೇಕು. ಮಿಕ್ಕವರೆಲ್ಲ ಅಮೆಚೂರ್. ಹೋದ ಸೀಸನ್ ಕೊನೇ ತಿಂಗಳುಗಳ ಸಂಬಳ ಬರಲೇ ಇಲ್ಲ. ಬೂಟು, ಮೆಟ್ರೊ, ಫಿಸಿಯೊ, ಮೊಟ್ಟೆ, ಕೋಳಿ ಎಲ್ಲ ಲೆಕ್ಕ ಹಾಕಿದ್ರೆ ಅರ್ಧ ಸೀಸನ್ ಪ್ರೊಫೆಷನಲ್, ಇನ್ನರ್ಧ ಅಮೆಚೂರ್. ಕಾಲು ಅದೇ, ಮೈದಾನ ಅದೇ.

ಮಾವ: ಆ ಲೆಕ್ಕದಲ್ಲಿ ನಾನು ಹುಟ್ಟಾ ಅಮೆಚೂರ್. ನನಗೆ ಸಂಬಳ ಬರ್ತಿದ್ದುದು ಫಿಟ್ಟರ್ ಅಂತ. ಮಧ್ಯಾಹ್ನ ಗೇಟ್ ಪಾಸ್ ಕೊಟ್ಟು ಪ್ರಾಕ್ಟೀಸಿಗೆ ಬಿಡೋರು. ಮ್ಯಾಚ್ ದಿನ ಸ್ಪೆಷಲ್ ಲೀವ್. ಆಟಕ್ಕೆ ಅಂತ ಒಂದು ಪೈಸೆ ಇಲ್ಲ, ಆದ್ರೆ ಆಡಕ್ಕೆ ಬರದೇ ಇದ್ದಿದ್ರೆ ಫಿಟ್ಟರ್ ಕೆಲಸವೂ ಸಿಕ್ತಿರಲಿಲ್ಲ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ, ಎಂಇಜಿ, ಎಎಸ್‌ಸಿ... ಒಳ್ಳೇ ಟೀಮು ಅಂದ್ರೆ ಒಂದೋ ಕಾರ್ಖಾನೆ, ಇಲ್ಲ ಇಲಾಖೆ, ಇಲ್ಲ ಮಿಲಿಟರಿ.

ತಾಯಿ: ಅಮೆಚೂರ್‌ಗೆ ಪಿಎಫ್ ಬಂತು, ಗ್ರಾಚ್ಯುಟಿ ಬಂತು, ಉಲ್ಲಾಳದಲ್ಲಿ ಸೈಟಾಯ್ತು. ಪ್ರೊಫೆಷನಲ್‌ಗೆ ಮಂಡಿನೋವು ಬಂತು.

ಮಾವ: ಅಕ್ಕ ಒಂದೇ ಮಾತಲ್ಲಿ ತೀರ್ಪು ಕೊಟ್ಟಳು ನೋಡು.

ಅಳಿಯ: ದುಡ್ಡಿನ ವಿಷಯ ಅಲ್ಲ ಮಾವ. ಅಂದ್ರೆ ಅದೂ ಹೌದು. ಆದ್ರೆ ನಿಜವಾಗಿ ಕೊರೆಯೋದು ಬೇರೆ. ಹತ್ತು ವರ್ಷ ಆಡಿದೀನಿ. ನನ್ನ ಹೆಸರು ಹುಡುಕಿದ್ರೆ ಏನು ಸಿಗುತ್ತೆ? ನಾಲ್ಕಾರು ಗೋಲು, ಒಂದಷ್ಟು ಹಳದಿ ಕಾರ್ಡು. ಹಳದಿ ಕಾರ್ಡೇ ಜಾಸ್ತಿ. ನಾನು ಮಾಡಿದ ಕೆಲಸ ಎಲ್ಲೂ ಇಲ್ಲ.

ಮಾವ: ಏನು ಕೆಲಸ ಮಾಡಿದೆ ಹೇಳು. ನಿಮ್ಮಮ್ಮನಿಗೆ ಅರ್ಥ ಆಗೋ ಹಾಗೆ.

ಅಳಿಯ: ಚೆಂಡು ನನ್ನ ಹತ್ರ ಬರೋಕೆ ಮುಂಚೆ ಎರಡು ಭುಜದ ಆಚೆಗೂ ನೋಡಿರಬೇಕು. ಯಾರು ಮೈಮೇಲೆ ಬರ್ತಿದಾನೆ, ಯಾರು ಖಾಲಿ ನಿಂತಿದಾನೆ ಅಂತ. ಚೆಂಡು ಬಂದ ಮೇಲೆ ನೋಡೋನು ಕೆಟ್ಟ. ನಮ್ಮ ಫುಲ್‌ಬ್ಯಾಕ್ ಮೇಲಕ್ಕೆ ಓಡಿದ್ರೆ ಅವನ ಜಾಗಕ್ಕೆ ಇಳೀಬೇಕು. ಚೆಂಡು ಅಲ್ಲಿಗೆ ಬರದೇನೂ ಇರಬಹುದು. ನಾನು ಅಲ್ಲಿ ನಿಂತಿದೀನಿ ಅಂತಾನೇ ಅವರು ಆ ಕಡೆ ಹೊಡೆಯಲಿಲ್ಲ ಅನ್ನೋದೂ ಇರುತ್ತೆ. ಹೆಡ್ ಮಾಡಿದ ಚೆಂಡು ಎಲ್ಲಿ ಬೀಳುತ್ತೆ ಅಂತ ಊಹಿಸಿ ಅಲ್ಲಿಗೆ ಮೊದಲು ಓಡಬೇಕು.

ತಾಯಿ: ಹಾಗಾದ್ರೆ ನೀನು ಚೆನ್ನಾಗಿ ಆಡಿದ್ರೆ ಏನೂ ಆಗಲ್ಲ.

ಅಳಿಯ: ಅದೇ ಅಮ್ಮಾ! ಏನೂ ಆಗದ ಹಾಗೆ ನೋಡ್ಕೊಳ್ಳೋದೇ ಕೆಲಸ.

ಮಾವ: 1948ರಲ್ಲಿ ಲಂಡನ್ ಒಲಿಂಪಿಕ್ಸ್. ಫ್ರಾನ್ಸ್ ಮೇಲೆ 2–1ರಲ್ಲಿ ಸೋತ್ವಿ. ನಮ್ಮವರು ಹೆಚ್ಚಿನವರು ಬರಿಗಾಲು, ಎರಡು ಪೆನಾಲ್ಟಿ ಹಾಳಾಯ್ತು. ನಮ್ಮ ಆ ಒಂದೇ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ದಂಡಿನ ಕಡೆ ಆಟಗಾರರಿಗೆಲ್ಲ ಇದು ಬಾಯಿಪಾಠ. ಆ ಗೋಲಿಗೆ ಪಾಸ್ ಕೊಟ್ಟಿದ್ದು ಯಾರು, ಹೇಳು ನೋಡೋಣ?

ಅಳಿಯ: ಗೊತ್ತಿಲ್ಲ.

ಮಾವ: ನನ್ನ ಸೀನಿಯರ್‌ಗಳನ್ನ ಕೇಳಿದೆ. ಅವರೂ ತಲೆ ಕೆರ್ಕೊಂಡ್ರು. ನಡುವೆ ಆಡೋನ ಹೆಸರು ಉಳಿಯೋದು ಅವನು ಗೋಲು ಹೊಡೆದಾಗಲೇ. 1993ರಲ್ಲಿ ಈಸ್ಟ್ ಬೆಂಗಾಲ್, ಇರಾಕಿನ ಅಲ್ ಜವ್ರಾ ತಂಡಕ್ಕೆ 6–2ರಲ್ಲಿ ಹೊಡೀತಲ್ಲ, ಅದರಲ್ಲಿ ಮೂರು ಗೋಲು ನಮ್ಮೂರ ಕಾರ್ಲ್‌ಟನ್ ಚಾಪ್ಮನ್‌ದು. ಮಿಡ್‌ಫೀಲ್ಡರ್. ವರ್ಷಗಟ್ಟಲೆ ನಡುಮೈದಾನದಲ್ಲಿ ಅವನು ಹಂಚಿದ ಚೆಂಡುಗಳನ್ನ ಯಾರೂ ಎಣಿಸಲಿಲ್ಲ, ಆ ಮೂರು ಮಾತ್ರ ನೆನಪಿದೆ. 2020ರಲ್ಲಿ ತೀರಿಕೊಂಡಾಗ, ಪಾಪ, ಇನ್ನೂ 49, ಪೇಪರಿನವರೂ ಅದನ್ನೇ ಬರೆದ್ರು.

ಅಳಿಯ: ಹಾಗಾದ್ರೆ ನನ್ನ ಗತಿ?

ಮಾವ: ಕೆಲಸ ಮಾಡೋನು ಲೆಕ್ಕ ಯಾಕೆ ನೋಡಬೇಕು? ನುಲಿಯ ಚಂದಯ್ಯನ ಕತೆ ಕೇಳಿಲ್ವಾ? ಹುಲ್ಲು ಕೊಯ್ತಾ ಕೊರಳಿನ ಲಿಂಗ ಜಾರಿ ಬಿದ್ರೂ ತಿರುಗಿ ನೋಡಲಿಲ್ಲ, ಹಗ್ಗ ಹೊಸೆಯೋ ಕಾಯಕ ಬಿಡಲಿಲ್ಲ. ಲಿಂಗಕ್ಕಿಂತ ಕೆಲಸ ದೊಡ್ಡದು ಅಂದೋನು. ನಿನ್ನ ಹೆಸರು ಯಾವ ಲೆಕ್ಕ?

ಅಳಿಯ: ತಿಂಗಳ ಒಂದನೇ ತಾರೀಖು ಸಂಬಳ ಎಣಿಸಿದೋರಿಗೆ ಈ ಮಾತು ಸುಲಭ ಮಾವ.

ತಾಯಿ: ಚಂದಯ್ಯನ್ನ ಹೇಳ್ತೀಯ, ಲಕ್ಕಮ್ಮನ್ನ ಯಾಕೆ ಬಿಡ್ತೀಯ? ಆಯ್ದಕ್ಕಿ ಮಾರಯ್ಯ ಒಂದಿನ ರೂಢಿಗಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ, ಹೆಚ್ಚಿಗೆ ಬೇಡ, ಎಲ್ಲಿಂದ ತಂದೆಯೋ ಅಲ್ಲೇ ಚೆಲ್ಲಿ ಬಾ ಅಂತ ಕಳಿಸಿದಳು. ಎಲ್ಲರೂ ಅವಳಿಗೆ ಆಸೆ ಇರಲಿಲ್ಲ ಅಂತ ಕೊಂಡಾಡ್ತಾರೆ. ನಾನು ಕೇಳೋದು ಬೇರೆ. ಹೆಚ್ಚಾಯ್ತು ಅಂತ ಅವಳಿಗೆ ಹೇಗೆ ಗೊತ್ತಾಯ್ತು? ದಿನಕ್ಕೆ ಇಷ್ಟು ಅಂತ ಅಳತೆ ಅವಳ ಕಣ್ಣಲ್ಲಿ ಇತ್ತು. ಅಳತೆಗಿಂತ ಜಾಸ್ತಿ ಬಂದ್ರೆ ವಾಪಸ್ ಕಳಿಸೋಳು, ಕಡಿಮೆ ಬಂದಿದ್ರೆ ಸುಮ್ಮನಿರ್ತಿದ್ಲಾ? ಕಾಯಕ ಅಂದ್ರೆ ಪುಕ್ಕಟೆ ದುಡಿಯೋದು ಅಂತ ಯಾವ ಶರಣರು ಹೇಳಿದಾರೆ?

ಮಾವ: (ನಗುತ್ತ) ಪ್ರವಚನಕ್ಕೆ ನಿನ್ನನ್ನೇ ಕೂರಿಸಬೇಕು ಅಕ್ಕ.

ತಾಯಿ: ನಗಬೇಡ. ನನ್ನ ಸಂಬಳದಲ್ಲಿ ಮುಕ್ಕಾಲು ಪರ್ಸೆಂಟ್ ಇಎಸ್‌ಐಗೆ ಹಿಡೀತಾರೆ, ಮಾಲೀಕರು ಮೂರೂಕಾಲು ಹಾಕ್ತಾರೆ. ಕೈಗೆ ಸೂಜಿ ಹೊಕ್ಕಿದ್ರೆ ರಾಜಾಜಿನಗರದ ಆಸ್ಪತ್ರೆಗೆ ಹೋಗ್ತೀನಿ. ಕ್ಯೂ ಇರುತ್ತೆ, ಬೈಸ್ಕೋತೀನಿ, ಆದ್ರೂ ನೋಡ್ತಾರೆ. ಇವನ ಮಂಡಿ ತಿರುಚಿದಾಗ ಸ್ಕ್ಯಾನಿಂಗಿಗೆ ನನ್ನ ಬಳೆ ಅಡ ಇಟ್ವಿ. ಹೊಲಿಯೋ ಕೈಗಿರೋ ಬೆಲೆ ಓಡೋ ಕಾಲಿಗೆ ಯಾಕಿಲ್ಲ? ನಿಮ್ಮ ಫಿಫಾದಲ್ಲಿ ಇದಕ್ಕೆ ನಿಯಮ ಇಲ್ವಾ?

ಅಳಿಯ: ಸಂಬಳಕ್ಕೆ ಇದೆ. ಎರಡು ತಿಂಗಳು ಕೊಡದಿದ್ರೆ ನೋಟಿಸ್ ಕೊಟ್ಟು, ಹದಿನೈದು ದಿನ ಕಾದು ಒಪ್ಪಂದ ಮುರೀಬಹುದು. ಮುರಿದು ಎಲ್ಲಿಗೆ ಹೋಗೋದು? ಸೀಸನ್ನೇ ಕೆಲವು ತಿಂಗಳು. ನೋಟಿಸ್ ಕೊಟ್ಟೋನು ಅಂತ ಹೆಸರಾದ್ರೆ ಮುಂದಿನ ವರ್ಷ ಯಾರೂ ಫೋನ್ ಎತ್ತಲ್ಲ. ಮೇಲಿನ ಲೀಗಿಗೆ ಹೋಗಿದ್ರೆ ಈ ತಾಪತ್ರಯ ಇರ್ತಿರಲಿಲ್ಲ.

ಮಾವ: ಮೇಲೆ ಅಂದ್ರೆ ಎಲ್ಲಿ? 1997ರಲ್ಲಿ ಎಫ್‌ಸಿ ಕೊಚಿನ್ ಬಂತು, ದೇಶದ ಮೊದಲ ಪ್ರೊಫೆಷನಲ್ ಕ್ಲಬ್ ಅಂದ್ರು. ಚಾಪ್ಮನ್ ಕೂಡ ಅಲ್ಲಿ ಆಡಿದ. ಕೆಲವೇ ವರ್ಷಕ್ಕೆ ಬಾಗಿಲು ಹಾಕಿದ್ರು. ರಾಷ್ಟ್ರೀಯ ಲೀಗ್ ಶುರುವಾದಾಗ ಮೊದಲ ಸಲ ಗೆದ್ದಿದ್ದ ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ಅಷ್ಟು ದೂರ ಯಾಕೆ, ನೀನು ಹುಡುಗನಾಗಿದ್ದಾಗ ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದಿತಲ್ಲ, ಆ ಸೀಸನ್ನಿನ ಮ್ಯಾಚ್ ನೋಡೋಕೆ ಮ್ಯಾಗ್ರತ್ ರೋಡ್ ಸ್ಟೇಡಿಯಂಗೆ ಕರ್ಕೊಂಡು ಹೋಗಿದ್ದೆ, ನೆನಪಿದೆಯಾ? ಆ ಕ್ಲಬ್ಬೇ 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ನಡೆಯುತ್ತೋ ಇಲ್ವೋ ಗೊತ್ತಿಲ್ಲ ಅಂತ ಮೊದಲ ತಂಡದ ಸಂಬಳ ನಿಲ್ಲಿಸ್ತು. ಸುನಿಲ್ ಚೆಟ್ರಿಯ ಕ್ಲಬ್ಬು ಕಣೋ ಅದು.

ಅಳಿಯ: ಹಾಗಾದ್ರೆ ನಿಮ್ಮ ಕಾರ್ಖಾನೆ ದಾರೀನೇ ಸರಿ ಅಂತೀರಾ?

ಮಾವ: ಹಾಗೂ ಅನ್ನಲ್ಲ. ನಾವು ಆಡ್ತಿದ್ದದ್ದು ಕಾರ್ಖಾನೆಯ ಕೃಪೆಯಲ್ಲಿ. ಕಾರ್ಖಾನೆ ಸೊರಗಿದಾಗ ಮೊದಲು ಕತ್ತರಿ ಬಿದ್ದಿದ್ದು ಸ್ಪೋರ್ಟ್ಸ್ ಕೋಟಾಗೆ. ಎಚ್‌ಎಎಲ್ ಐ-ಲೀಗಿನಲ್ಲಿ ಆಡಿದಾಗ ಎದುರು ತಂಡಗಳಲ್ಲಿ ಆಫ್ರಿಕಾದ ಸ್ಟ್ರೈಕರ್‌ಗಳು, ನಮ್ಮವರಲ್ಲಿ ಒಬ್ಬನೂ ವಿದೇಶಿ ಇಲ್ಲ. 2012ರಲ್ಲಿ ಕೆಳಗಿಳಿದ್ರು. ಇನ್ನೊಂದು ಮಾತು ಹೇಳ್ತೀನಿ. ನೌಕರಿ ಕಾಯಂ ಆದ ಮೇಲೆ ನಮ್ಮಲ್ಲಿ ಎಷ್ಟೋ ಜನ ಓಡೋದನ್ನೇ ಬಿಟ್ರು. ಹೊಟ್ಟೆ ಬಂತು. ನಾನೂ ಅವರಲ್ಲೊಬ್ಬ. ಭದ್ರತೆ ಆಟಗಾರನನ್ನ ಉಳಿಸ್ತು, ಆಟವನ್ನ ಉಳಿಸಲಿಲ್ಲ.

ಅಳಿಯ: ಹಸಿವಿದ್ರೆ ಚೆನ್ನಾಗಿ ಆಡ್ತಾರೆ ಅಂತ ನಮ್ಮ ಮ್ಯಾನೇಜರ್‌ಗಳೂ ಹೇಳ್ತಾರೆ. ಸಂಬಳ ತಡ ಮಾಡೋಕೆ ಅದೊಂದು ನೆಪ. ಹಸಿದೋನು ಮಂಡಿ ಉಳಿಸಿಕೊಂಡು ಆಡ್ತಾನೆ ಮಾವ. ಮುಂದಿನ ವರ್ಷಕ್ಕೆ ಕಾಲು ಬೇಕಲ್ಲ ಅಂತ ಟ್ಯಾಕಲ್‌ಗೇ ಹೋಗಲ್ಲ.

ಮಾವ: ಅದು ನನಗೆ ಹೊಳೆದಿರಲಿಲ್ಲ. ಸರಿ, ಇದಕ್ಕೆ ಉತ್ತರ ಕೊಡು. ದುಡ್ಡಿಲ್ಲ, ಹೆಸರಿಲ್ಲ, ನೋಡೋಕೆ ಜನ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಆ ಪ್ಲಾಸ್ಟಿಕ್ ಹುಲ್ಲು ಕಾದು ಪಾದ ಸುಡುತ್ತೆ. ಆದ್ರೂ ಯಾಕೆ ಹೋಗ್ತೀಯ? ಚಟವಾ?

ಅಳಿಯ: ಚಟ ಅಂದ್ರೆ ಒಬ್ಬನೇ ಗೋಡೆಗೆ ಒದ್ಕೊಂಡಿರಬಹುದಿತ್ತು. ನಾನು ಹೋಗದಿದ್ರೆ ಹತ್ತು ಜನ ಆಡಬೇಕಾಗುತ್ತೆ. ನನ್ನ ಪಕ್ಕ ಆಡೋ ಹುಡುಗನಿಗೆ ಹತ್ತೊಂಬತ್ತು. ಚೆಂಡು ಕಂಡ್ರೆ ಹಿಂದೆ ಓಡ್ತಾನೆ. ‘ನಿಲ್ಲು, ಭುಜದ ಆಚೆ ನೋಡು’ ಅಂತ ನಾನು ಮ್ಯಾಚ್ ಪೂರ್ತಿ ಕಿರುಚ್ತೀನಿ. ನನಗೆ ಹಾಗೆ ಕಿರುಚಿದ್ದು ಯಾರು? ನೀವು. ನಿಮಗೆ?

ಮಾವ: ಆಸ್ಟಿನ್ ಟೌನ್‌ನ ಒಬ್ಬ ಹಳೇ ಹಾಫ್‌ಬ್ಯಾಕ್. ತಮಿಳಲ್ಲಿ ಬೈತಿದ್ದ. ವಿಜಯನಗರದಿಂದ ಫುಟ್‌ಬಾಲ್ ಆಡೋಕೆ ಹೋದೋನು ನಾನೊಬ್ಬನೇ, ಇಲ್ಲಿ ಎಲ್ಲರೂ ಕ್ರಿಕೆಟ್ಟು. ಅವನ ಬೈಗುಳ ಅರ್ಥ ಆಗಲಿ ಅಂತಾನೇ ತಮಿಳು ಕಲಿತೆ.

ಅಳಿಯ: 1969ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಕರ್ನಾಟಕ ಗೆದ್ದಿದ್ದು 2023ರಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2. ನಡುವೆ 54 ವರ್ಷ. ನೀವು ಆಡಿದ್ದು ಆ ನಡುವೆ. ಆ ವರ್ಷಗಳಲ್ಲಿ ಸೂಪರ್ ಡಿವಿಷನ್, ಎ, ಬಿ, ಸಿ ಡಿವಿಷನ್ ಅಂತ ಬಿಸಿಲಲ್ಲಿ ಯಾರೂ ಆಡದೇ ಇದ್ದಿದ್ರೆ ರಿಯಾದ್‌ಗೆ ಕಳಿಸೋಕೆ ತಂಡ ಎಲ್ಲಿರ್ತಿತ್ತು? ಆ ಗೆಲುವಲ್ಲಿ ನಿಮಗೂ ಪಾಲಿದೆ.

ಮಾವ: ಬೇಡಪ್ಪ. ಅವರು ಗೆದ್ದರು, ಅದು ಅವರದ್ದು. ನನಗೆ ಹೆಚ್ಚಿನ ಅಕ್ಕಿ ಹಾಕಬೇಡ.

ಅಳಿಯ: ನಾನು ಲೆಕ್ಕ ಕೇಳಿದ್ರೆ ಕಾಯಕ ಅಂತೀರಿ, ಲೆಕ್ಕ ತೋರಿಸಿದ್ರೆ ಬೇಡ ಅಂತೀರಿ.

ಮಾವ: ಮನೆಯವರ ಸಮಾಧಾನಕ್ಕೆ ಕೊಡೋ ಪಾಲು ಬೇಡ ಅಂದೆ. ನಿನಗೂ ಅದನ್ನ ಕೊಡಲ್ಲ. ನೀನು ಕೆಳಗಿನ ಲೀಗಿನಲ್ಲಿ ಆಡ್ತೀಯ. ನಿನ್ನ ಆಟ ಅಲ್ಲಿಯವರೆಗೇ ಇದೆ, ಅದಕ್ಕಿಂತ ಮೇಲೆ ಹೋಗುವಷ್ಟು ವೇಗ ನಿನಗಿಲ್ಲ. ಹದಿನೆಂಟರಲ್ಲೇ ನನಗೆ ಗೊತ್ತಿತ್ತು. ಆದ್ರೆ ಆ ಮಟ್ಟದಲ್ಲಿ ಜಾಗ ಕಾಯೋದು ನಿನ್ನಷ್ಟು ಚೆನ್ನಾಗಿ ಬಲ್ಲೋನನ್ನ ನಾನು ನೋಡಿಲ್ಲ. ಎರಡೂ ನಿಜ.

ಅಳಿಯ: ಹದಿನೆಂಟರಲ್ಲೇ ಹೇಳಬಹುದಿತ್ತಲ್ಲ?

ಮಾವ: ಹೇಳಿದ್ರೆ ಬಿಡ್ತಿದ್ದೆಯಾ?

ಅಳಿಯ: ಬಿಡ್ತಿರಲಿಲ್ಲ. ಆದ್ರೆ ಡಿಗ್ರಿ ಮುಗಿಸ್ತಿದ್ದೆ.

ತಾಯಿ: ಈಗ ಮುಗಿಸು, ಕರೆಸ್ಪಾಂಡೆನ್ಸ್‌ನಲ್ಲಿ. ಅದಿರಲಿ, ನಿನ್ನೆ ಯಾವುದೋ ಕ್ಲಬ್ಬಿನಿಂದ ಫೋನ್ ಬಂತಲ್ಲ, ಏನಂತೆ?

ಅಳಿಯ: ಹೊಸ ಮ್ಯಾನೇಜ್‌ಮೆಂಟು. ಹತ್ತು ತಿಂಗಳು ಅಂತಾರೆ. ಜೊತೆಗೆ ಕೆಂಗೇರಿಯಲ್ಲಿ ಅವರ ಅಕಾಡೆಮಿ ಮಕ್ಕಳಿಗೆ ಬೆಳಿಗ್ಗೆ ಕೋಚಿಂಗ್. ಅದಕ್ಕೆ ಬೇರೆ ದುಡ್ಡು.

ಮಾವ: ಯಾವ ಪೊಸಿಷನ್?

ತಾಯಿ: ಪೊಸಿಷನ್ ಆಮೇಲೆ. ಮಂಡಿ ಹೋದ್ರೆ ಆಸ್ಪತ್ರೆ ಖರ್ಚು ಯಾರದು ಅಂತ ಬರೆದಿದಾರಾ?

ಅಳಿಯ: ಬಾಯಲ್ಲಿ ಹೇಳಿದಾರೆ.

ತಾಯಿ: ಬಾಯಲ್ಲಿ ಹೇಳಿದ್ದನ್ನ ರಾಜಾಜಿನಗರದ ಕೌಂಟರಿನಲ್ಲಿ ತೋರಿಸೋಕಾಗಲ್ಲ. ಫೋನ್ ಮಾಡು.

ಅಳಿಯ: ಭಾನುವಾರ ಅಮ್ಮ.

ಮಾವ: ಮಾಡೋ. ರಿಜಿಸ್ಟ್ರೇಷನ್ ಕಿಟಕಿ ಮುಚ್ಚೋ ಮುಂಚೆಯೇ ಕೇಳಬೇಕು, ಮುಚ್ಚಿದ ಮೇಲೆ ನಿನ್ನ ಮಾತಿಗೆ ಬೆಲೆ ಇರಲ್ಲ. ಸ್ಪೀಕರ್ ಹಾಕು, ನಾನೂ ಕೇಳಿಸ್ಕೋತೀನಿ.