ಅಂಚು ನೋಡಿ ಸಾರ್

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗ ಹಳೆಯದೊಂದು 4×5 ಇಂಚಿನ ಕ್ಯಾಮೆರಾ ಕೊಂಡಿದ್ದಾನೆ. "ಶೀಟ್ ಫಿಲ್ಮ್ ತೊಳೆಸೋಕೆ ನಂಬಬಹುದಾದ ಲ್ಯಾಬ್ ಯಾವುದು ಹೇಳಿ ಸರ್" ಅಂತ ಹೋದ ವಾರ ಕೇಳಿದ. ಎರಡು ನಿಮಿಷದಲ್ಲಿ ಮುಗಿಯುವ ಪ್ರಶ್ನೆ. ಆದರೆ ನನಗೆ ಉತ್ತರ ಕೊಡೋಕೆ ಆಗ್ಲಿಲ್ಲ. ಯಾಕೆ ಅನ್ನೋದನ್ನ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಲಾರ್ಜ್ ಫಾರ್ಮ್ಯಾಟ್ ಶೀಟ್ ಫಿಲ್ಮ್ ಅಂದ್ರೆ ರೀಲು ಇರೋದಿಲ್ಲ, ಒಂದೊಂದು ಫೋಟೋಗೂ ಒಂದೊಂದು ಹಾಳೆ. ಪೂರ್ತಿ ಕತ್ತಲಲ್ಲಿ ತಡವರಿಸುತ್ತಾ, ಅಂಚಿನಲ್ಲಿರುವ ಸಣ್ಣ ಕಚ್ಚುಗಳನ್ನು ಬೆರಳಲ್ಲೇ ಗುರುತು ಹಿಡಿದು, ಹಾಳೆಯನ್ನು ಹೋಲ್ಡರಿಗೆ ತುಂಬಬೇಕು. ಒಂದು ಹೋಲ್ಡರಿಗೆ ಎರಡೇ ಹಾಳೆ. ಫೋಟೋ ತೆಗೆದ ಮೇಲೂ ಅದರ ಮೇಲೆ ಏನೂ ಮೂಡಿರೋದಿಲ್ಲ. ಡೆವಲಪರ್ ತಾಗುವ ತನಕ ಚಿತ್ರ ಇದ್ದೂ ಇಲ್ಲದ ಹಾಗೆ. ಟೈಲರ್ ಹತ್ರ ಟ್ರಯಲ್ ನೋಡಬಹುದು, ಹೋಟೆಲಲ್ಲಿ ಸಾಂಬಾರು ಹಳಸಿದ್ರೆ ವಾಪಸ್ ಕಳಿಸಬಹುದು. ಇಲ್ಲಿ ಹಾಗಲ್ಲ. ನಾನೂ ನೋಡಿರದ, ಲ್ಯಾಬಿನವನೂ ನೋಡಿರದ ವಸ್ತುವನ್ನು ಡಬ್ಬಿಯಲ್ಲಿ ಮುಚ್ಚಿ ಕೊಟ್ಟು ಬರಬೇಕು. ಅದಕ್ಕೆ ಬ್ಯಾಕಪ್ ಇಲ್ಲ. ನಾನು ಕತ್ತಲಲ್ಲಿ ತುಂಬಿದ್ದನ್ನ ಅವನು ಕತ್ತಲಲ್ಲೇ ತೆಗೀತಾನೆ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಅಜ್ಜನನ್ನು ಕುರ್ಚಿ ಹಾಕಿ ಕೂರಿಸಿ ಎರಡು ಹಾಳೆ ತೆಗೆದೆ. ಅಜ್ಜನಿಗೆ ಆಗ 88. "ಇನ್ನು ಉಸಿರು ಬಿಡಬಹುದನಾ ಮಾರಾಯ?" ಅಂತ ಕೇಳಿದ್ರು. ಬೆಂಗಳೂರಿಗೆ ಬಂದವನು ಕೆಲಸದ ಗಲಾಟೆಯಲ್ಲಿ ಎರಡು ತಿಂಗಳು ಅದನ್ನ ಹಾಗೇ ಇಟ್ಟೆ. ಅಷ್ಟರಲ್ಲಿ ಅಜ್ಜ ತೀರಿಕೊಂಡರು. ತಿಥಿಗೆ ಫೋಟೋ ಬೇಕು ಅಂತ ಎರಡೂ ಹಾಳೆಗಳನ್ನು ಒಟ್ಟಿಗೇ ಒಂದು ಸಣ್ಣ ಲ್ಯಾಬಿಗೆ ಕೊಟ್ಟೆ. ಮೊದಲು ಒಂದನ್ನು ತೊಳೆಸಿ ನೋಡಿ, ಆಮೇಲೆ ಇನ್ನೊಂದನ್ನು ಕೊಡಬೇಕು ಅನ್ನೋದು ನನಗೆ ಗೊತ್ತಿತ್ತು. ಅವಸರ, ಏನ್ಮಾಡೋದು.

ಎರಡು ನೆಗೆಟಿವಲ್ಲೂ ಅಜ್ಜನ ಮುಖದ ಮೇಲೆ ಹೊಗೆ ಬಳಿದ ಹಾಗೆ ಕಪ್ಪು ಪಟ್ಟೆ. ಎಲ್ಲೋ ಬೇಡದ ಬೆಳಕು ಬಿದ್ದಿತ್ತು.

ನಾನು ಲ್ಯಾಬಲ್ಲಿ ನಿಂತು ಕೂಗಾಡಿದೆ. ಆ ಹಿರಿಯರು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು, "ಅಂಚು ನೋಡಿ ಸಾರ್, ಅಂಚು ಕ್ಲೀನಾಗಿದೆ" ಅಂದ್ರು. ನನಗದು ತಪ್ಪಿಸಿಕೊಳ್ಳೋ ಮಾತು ಅನ್ನಿಸ್ತು. ಆಮೇಲೆ ಎರಡು ವರ್ಷ, ಯಾರು ಕೇಳಿದ್ರೂ "ಅಲ್ಲಿಗೆ ಮಾತ್ರ ಹೋಗಬೇಡಿ" ಅಂದೆ. ಕೇಳದೇ ಇದ್ದವರಿಗೂ ಅಂದೆ.

ಒಂದು ರಾತ್ರಿ ಕರೆಂಟು ಹೋಗಿದ್ದಾಗ ಕ್ಯಾಮೆರಾ ಒರೆಸ್ತಾ, ಸುಮ್ಮನೆ ಟಾರ್ಚನ್ನು ಬೆಲ್ಲೋಸ್ ಒಳಗೆ ಹಿಡಿದೆ. ಮಡಿಕೆಯ ಮೂಲೆಯಲ್ಲಿ ಎರಡು ಚುಕ್ಕಿ ಮಿನುಗಿದವು. ಸೂಜಿಮೊನೆಯಷ್ಟು ತೂತು.

ಅಂಚಿನ ಮಾತು ಆಗ ಅರ್ಥ ಆಯ್ತು. ಹೋಲ್ಡರಿನಲ್ಲಿ ಹಾಳೆಯ ಅಂಚನ್ನು ಸಣ್ಣ ಪಟ್ಟಿಗಳು ಹಿಡಿದುಕೊಂಡಿರುತ್ತವೆ. ಬೆಲ್ಲೋಸ್ ತೂತಿನಿಂದ ಬಂದ ಬೆಳಕು ಆ ಪಟ್ಟಿಗಳ ಕೆಳಗೆ ಹೋಗೋದಿಲ್ಲ, ಹಾಗಾಗಿ ಅಂಚು ಸ್ವಚ್ಛವಾಗೇ ಉಳಿಯುತ್ತೆ. ಲ್ಯಾಬಿನಲ್ಲಿ ಹಾಳೆಯನ್ನು ಹೋಲ್ಡರಿನಿಂದ ತೆಗೆದ ಮೇಲೆ ಬೆಳಕು ಬಿದ್ದಿದ್ರೆ ಅಂಚನ್ನೂ ಬಿಡ್ತಿರಲಿಲ್ಲ. ಸಾಕ್ಷಿ ಎರಡು ವರ್ಷದಿಂದ ನನ್ನ ಡ್ರಾಯರಲ್ಲೇ ಇತ್ತು, ನಾನು ನೋಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.

ಇದು ನನ್ನೊಬ್ಬನ ಚಾಳಿ ಅಲ್ಲ ಅನ್ಸುತ್ತೆ. 1944ರ ಜೂನ್ 6ರಂದು ರಾಬರ್ಟ್ ಕಾಪಾ ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಸೈನಿಕರ ಜೊತೆ ಇಳಿದು ಫೋಟೋ ತೆಗೆದ. ಅದು 35 ಎಂ.ಎಂ. ಫಿಲ್ಮು. ಉಳಿದದ್ದು ಹತ್ತೋ ಹನ್ನೊಂದೋ ಚಿತ್ರ. ಲಂಡನ್ನಿನಲ್ಲಿದ್ದ 'ಲೈಫ್' ಪತ್ರಿಕೆಯ ಡಾರ್ಕ್‌ರೂಮಿನಲ್ಲಿ ಹುಡುಗನೊಬ್ಬ ಅವಸರಕ್ಕೆ ಶಾಖ ಜಾಸ್ತಿ ಕೊಟ್ಟು ಮಿಕ್ಕಿದ್ದನ್ನೆಲ್ಲ ಕರಗಿಸಿಬಿಟ್ಟ ಅನ್ನೋ ಕತೆ ಸುಮಾರು 70 ವರ್ಷ ಓಡಾಡಿತು. 2014ರಿಂದೀಚೆಗೆ ಎ.ಡಿ. ಕೋಲ್ಮನ್ ಎಂಬ ವಿಮರ್ಶಕ ಮತ್ತವರ ಜೊತೆಗಾರರು ಇದನ್ನು ಕೆದಕಿ, ಫಿಲ್ಮು ಹಾಗೆಲ್ಲ ಕರಗೋದಿಲ್ಲ, ಕಾಪಾ ತೆಗೆದದ್ದೇ ಅಷ್ಟಿರಬೇಕು ಅಂದ್ರು. ಆ ಕತೆಯನ್ನು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದ ಸಂಪಾದಕ ಜಾನ್ ಮಾರಿಸ್ ಕೂಡ ಕೊನೆಗೆ, ಹಾಗೂ ಇರಬಹುದು ಅಂತ ಒಪ್ಪಿದರು. ಡಾರ್ಕ್‌ರೂಮಿನ ಹುಡುಗನ ಮೇಲೆ ತಪ್ಪು ಹೊರಿಸೋದು ಸುಲಭ. ಯಾಕಂದ್ರೆ ಕೊನೆಗೆ ಕತ್ತಲಲ್ಲಿದ್ದವನು ಅವನೇ. ನಮ್ಮ ಆಫೀಸುಗಳಲ್ಲೂ ಅಷ್ಟೇ ಅಲ್ವಾ? ಶುಕ್ರವಾರ ರಾತ್ರಿ ಸಿಸ್ಟಮ್ ಬಿದ್ರೆ ಮೊದಲ ಫೋನು ಹೋಗೋದು ಬೇರೆ ಟೀಮಿಗೆ.

ನಂಬೋದು ಅಂದ್ರೆ ಅಪಾಯ ಮೈಮೇಲೆ ಎಳಕೊಳ್ಳೋದು, ಅನುಮಾನ ಪಡೋದು ಅಂದ್ರೆ ಹುಷಾರಾಗಿರೋದು ಅಂತ ನಾವೆಲ್ಲ ತಿಳಿದಿದ್ದೇವೆ. ನನಗೀಗ ಹಾಗನ್ನಿಸೋದಿಲ್ಲ. ನಂಬಿ ಕೆಟ್ಟರೆ ನಷ್ಟ ನನ್ನದು, ಅದು ನನಗೆ ಕಾಣುತ್ತೆ. ಸುಮ್ಮಸುಮ್ಮನೆ ಅನುಮಾನಪಟ್ಟರೆ ನಷ್ಟ ಇನ್ನೊಬ್ಬರದು, ಅದರ ಬಿಲ್ಲು ನನ್ನ ಮನೆಗೆ ಬರೋದೇ ಇಲ್ಲ. ಅದಕ್ಕೇ ಅನುಮಾನ ನಮಗೆ ಪುಕ್ಕಟೆ ಅನ್ನಿಸೋದು.

ಕ್ಷಮೆ ಕೇಳೋಕೆ ಹೋದೆ. ಆ ಹಿರಿಯರು ನನ್ನನ್ನು ಮರೆತಿರಲಿಲ್ಲ. "ಅವತ್ತೇ ಹೇಳಿದ್ನಲ್ಲ ಸಾರ್" ಅಂತ ಅಷ್ಟೇ ಅಂದು ಟೀ ತರಿಸಿದ್ರು. ಶೀಟ್ ಫಿಲ್ಮ್ ತೊಳೆಯೋದನ್ನ ಮಾತ್ರ ನಿಲ್ಲಿಸಿಬಿಟ್ಟಿದ್ರು. "ತಿಂಗಳಿಗೆ ನಾಲ್ಕು ಹಾಳೆ ಬಂದ್ರೆ ಕೆಮಿಕಲ್ ಖರ್ಚೂ ಹುಟ್ಟಲ್ಲ. ಹಳೇ ಕೆಮಿಕಲ್ಲಲ್ಲಿ ತೊಳೆದು ಕೊಡೋಕೆ ಮನಸ್ಸು ಬರಲ್ಲ." ನಿಂತ ಡೆವಲಪರ್ ಗಾಳಿಗೆ ಕೆಡುತ್ತೆ. ಅದು ತಾಜಾ ಇರಬೇಕಂದ್ರೆ ಫಿಲ್ಮು ಬರ್ತಾ ಇರಬೇಕು, ಫಿಲ್ಮು ಬರಬೇಕಂದ್ರೆ ಜನ ನಂಬಬೇಕು. ಡಿಜಿಟಲ್ ಬಂದ ಮೇಲೆ ಇದು ಹೇಗೂ ನಿಲ್ಲೋದಿತ್ತು ಅಂತ ನನಗೆ ನಾನೇ ಹೇಳಿಕೊಳ್ಳಬಹುದು. ಆದರೆ ನಾನು ತಡೆದವರಲ್ಲಿ ಆರು ಜನರ ಹೆಸರು ನನಗೆ ನೆನಪಿದೆ.

ಹಾಗಾದ್ರೆ ಹುಡುಗನಿಗೆ ಏನು ಹೇಳ್ಲಿ? ಮೊದಲು ಗೋಡೆಯದ್ದೋ ಮರದ್ದೋ ಹಾಳೆ ಕೊಟ್ಟು ನೋಡು, ಪ್ರೀತಿಯವರದ್ದು ಬೇಡ. ಮುಖ್ಯವಾದದ್ದನ್ನ ಎರಡೆರಡು ತೆಗೆ, ಒಂದೊಂದೇ ಕೊಡು. ಕೆಮಿಕಲ್ ಯಾವಾಗ ಬದಲಾಯಿಸ್ತಾರೆ ಕೇಳು. ಎಡವಟ್ಟಾದಾಗ ನೆಗೆಟಿವನ್ನು ಬೆಳಕಿಗೆ ಹಿಡಿದು ನಿನ್ನ ಜೊತೆ ನೋಡುವವರು ಸಿಕ್ಕಿದ್ರೆ ಅವರನ್ನ ಬಿಡಬೇಡ. ಆಗ ನೀನೂ ನೋಡು.

ಇದನ್ನೆಲ್ಲ ಹೇಳೋಕೆ ಮುಂಚೆ ಇನ್ನೊಂದು ಕೆಲಸ ಇದೆ. ನಾಳೆ ರಾತ್ರಿ ಟಾರ್ಚ್ ತಗೊಂಡು ಅವನ ಮನೆಗೆ ಹೋಗ್ತಿದೀನಿ.